ಎಂಟು ಟ್ರೇಗಳ ಹಳೆಯ ಸರ್ವರ್‌ಗೆ ಕಡಿಮೆ ಖರ್ಚಿನಲ್ಲಿ ಯಾವ ಡಿಸ್ಕ್ ಕಂಟ್ರೋಲರ್ ಹೊಂದುತ್ತದೆ?

ಅಚ್ಚುಮೊಳೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯ ಒಂದು ಸಣ್ಣ ಮುದ್ರಣಾಲಯದಲ್ಲಿ ಸರ್ವರ್ ನೋಡಿಕೊಳ್ಳುವ ಹೊಣೆ ನನ್ನದು. ನಾನು ಓದಿದ್ದು ಮುದ್ರಣ ತಂತ್ರಜ್ಞಾನ. ಸರ್ವರ್ ವಿಷಯವನ್ನು ಬಿದ್ದು ಎದ್ದು ಕಲಿತವನಾದ್ದರಿಂದ ಪ್ರಶ್ನೆಯಲ್ಲಿಯೇ ತಪ್ಪಿದ್ದರೆ ದಯವಿಟ್ಟು ತಿದ್ದಿ.

ಯಂತ್ರವನ್ನು ಜೋಡಿಸಿದ್ದು 2013ರಲ್ಲಿ. ಸೂಪರ್‌ಮೈಕ್ರೊ ಎಕ್ಸ್9ಎಸ್‌ಸಿಎಂ-ಎಫ್ ಮದರ್‌ಬೋರ್ಡ್, ಕ್ಸಿಯಾನ್ ಇ3-1230 ವಿ2 ಪ್ರೊಸೆಸರ್, 16 ಜಿ.ಬಿ. ಇಸಿಸಿ ಮೆಮೊರಿ ಇದೆ. ಡೆಬಿಯನ್ 12 ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿದ್ದು, ಅದು ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ನೇರವಾಗಿ ಸೇರಿಕೊಂಡಿದೆ. ಮುಂಭಾಗದಲ್ಲಿ ಎಂಟು ಡಿಸ್ಕ್ ಟ್ರೇಗಳಿದ್ದು, ಅವುಗಳ ಹಿಂದೆ ಡಿಸ್ಕ್‌ಗಳು ಚುಚ್ಚಿಕೊಳ್ಳುವ ಫಲಕದಲ್ಲಿ, ಅಂದರೆ ಬ್ಯಾಕ್‌ಪ್ಲೇನಿನಲ್ಲಿ, ಎಸ್‌ಎಫ್‌ಎಫ್-8087 ಮಾದರಿಯ ಎರಡು ಮಿನಿ-ಸ್ಯಾಸ್ ಕನೆಕ್ಟರ್‌ಗಳಿವೆ. ಒಂದೊಂದು ನಾಲ್ಕು ಟ್ರೇಗಳನ್ನು ನೋಡಿಕೊಳ್ಳುತ್ತದೆ. ಮೊದಲ ಕನೆಕ್ಟರ್‌ನಿಂದ 3 ಗಿಗಾಬಿಟ್ ತಲೆಮಾರಿನ ಹಳೆಯ ಕಂಟ್ರೋಲರ್ ಕಾರ್ಡಿಗೆ ಕೇಬಲ್ ಹೋಗುತ್ತದೆ. ಆ ಕಾರ್ಡಿನಲ್ಲಿ 2 ಟಿ.ಬಿ.ಯ ನಾಲ್ಕು ಡಿಸ್ಕ್‌ಗಳು ಎರಡು ಮಿರರ್ ಜೋಡಿಗಳಾಗಿ (ಒಂದರ ನಕಲು ಇನ್ನೊಂದರಲ್ಲಿ) ಕೆಲಸ ಮಾಡುತ್ತಿವೆ.

ಈ ಡಿಸ್ಕ್‌ಗಳಲ್ಲಿ ಈಗ 3.2 ಟಿ.ಬಿ.ಯಷ್ಟು ಕಡತಗಳಿವೆ. ಲಗ್ನಪತ್ರಿಕೆಯಿಂದ ಹಿಡಿದು ಸ್ಮರಣ ಸಂಚಿಕೆಗಳವರೆಗೆ, ನುಡಿ ಮತ್ತು ಬರಹದ ಹಳೆಯ ಫಾಂಟುಗಳಲ್ಲಿ ಕಟ್ಟಿದ ಪುಟಗಳು, ಸ್ಕ್ಯಾನ್ ಮಾಡಿದ ಚಿತ್ರಗಳು ಎಲ್ಲವೂ ಅಲ್ಲಿಯೇ. ಹತ್ತು ವರ್ಷದ ಹಿಂದಿನ ಪುಸ್ತಕದ ಮರುಮುದ್ರಣ ಬೇಕೆಂದು ಯಾರಾದರೂ ಬಂದು ನಿಂತರೆ ತೆಗೆದುಕೊಡಬೇಕಾದ್ದು ಇದೇ ಯಂತ್ರ.

ಜಾಗ ಸಾಲದೆಂದು ಹೋದ ತಿಂಗಳು 8 ಟಿ.ಬಿ.ಯ ನಾಲ್ಕು ಸಾಟಾ ಡಿಸ್ಕ್‌ಗಳನ್ನು ತಂದೆವು. ಒಂದನ್ನು ಐದನೆಯ ಟ್ರೇಗೆ ಹಾಕಿ ಎರಡನೆಯ ಕೇಬಲ್ ಜೋಡಿಸಿದರೆ ಹಳೆಯ ಕಾರ್ಡು ಅದನ್ನು 2 ಟಿ.ಬಿ. ಎಂದು ತೋರಿಸುತ್ತಿದೆ. ಡಿಸ್ಕಿನದೇ ದೋಷವಿರಬಹುದೆಂದು ಇನ್ನೊಂದನ್ನು ಹಾಕಿದೆ, ಅದೂ ಅಷ್ಟೇ.

ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ 512 ಎಂ.ಬಿ. ಕ್ಯಾಶ್ ಮತ್ತು ಬ್ಯಾಟರಿ ಇರುವ ಸೆಕೆಂಡ್ ಹ್ಯಾಂಡ್ ರೇಡ್ ಕಾರ್ಡನ್ನು (ಹಲವು ಡಿಸ್ಕ್‌ಗಳನ್ನು ತಾನೇ ಒಂದಾಗಿ ಜೋಡಿಸುವಂಥದ್ದು) 8,500 ರೂಪಾಯಿಗೆ ಕೊಡುತ್ತೇವೆ ಎಂದರು. ಎರಡು ಬಾಗಿಲು ದಾಟಿ ಮತ್ತೊಂದು ಅಂಗಡಿಗೆ ಹೋದರೆ, ಅದೆಲ್ಲ ಬೇಡ, ಆರು ಪೋರ್ಟಿನ ಹೊಸ ಸಾಟಾ ಕಾರ್ಡು ಸಾಕು ಎಂದರು. ಬಲ್ಲವರೊಬ್ಬರು ಎಚ್‌ಬಿಎ, ಅಂದರೆ ಡಿಸ್ಕ್‌ಗಳನ್ನು ಯಂತ್ರಕ್ಕೆ ಜೋಡಿಸುವುದಷ್ಟನ್ನೇ ಮಾಡುವ ಕಾರ್ಡು, ತೆಗೆದುಕೊಳ್ಳಿ ಎಂದಿದ್ದಾರೆ. ಕೇಬಲ್ ಸೇರಿ 9,000 ರೂಪಾಯಿಗಿಂತ ಹೆಚ್ಚು ಕೊಡಲು ನಮ್ಮ ಮಾಲೀಕರು ಸಿದ್ಧರಿಲ್ಲ. ಆರು ಜನ ಡಿಟಿಪಿ ಕೆಲಸದವರು ಗಿಗಾಬಿಟ್ ನೆಟ್‌ವರ್ಕಿನ ಮೂಲಕ ಸರ್ವರ್ ಬಳಸುತ್ತಾರೆ. ಈ ಮೂರರಲ್ಲಿ ನಮಗೆ ಯಾವುದು ಸರಿ?

ಡೇಟಾಕಣಜ:

ಬಹಳ ಸ್ಪಷ್ಟವಾಗಿ ವಿವರ ಕೊಟ್ಟಿದ್ದೀರಿ; ಅರ್ಧ ಉತ್ತರ ಅದರಲ್ಲಿಯೇ ಇದೆ. ಮೊದಲಿಗೆ, ನಿಮ್ಮ ಡಿಸ್ಕ್‌ಗಳಲ್ಲಿ ದೋಷವಿಲ್ಲ. ಎಲ್‌ಎಸ್‌ಐ ಸ್ಯಾಸ್1068ಇ ಚಿಪ್ ಇರುವ ಆ ತಲೆಮಾರಿನ ಕಾರ್ಡುಗಳು ಡಿಸ್ಕಿನ ಸೆಕ್ಟರ್‌ಗಳನ್ನು 32 ಬಿಟ್ಟಿನ ಸಂಖ್ಯೆಯಿಂದ ಎಣಿಸುತ್ತವೆ. ಒಂದು ಸೆಕ್ಟರ್‌ಗೆ 512 ಬೈಟ್ ಎಂದರೆ ಎಣಿಕೆ 2.2 ಟಿ.ಬಿ. ಹತ್ತಿರ ಮುಗಿದುಹೋಗುತ್ತದೆ, ಅದರಾಚೆಗಿನ ಜಾಗ ಕಾರ್ಡಿನ ಪಾಲಿಗೆ ಇಲ್ಲವೇ ಇಲ್ಲ. ಕಾರ್ಡಿನೊಳಗಿನ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ಬದಲಿಸಿದರೂ ಇದು ಸರಿಹೋಗುವುದಿಲ್ಲವಾದ್ದರಿಂದ ಆ ದಾರಿಯಲ್ಲಿ ಒಂದು ಗಂಟೆಯನ್ನೂ ಕಳೆಯಬೇಡಿ.

ಸೆಕೆಂಡ್ ಹ್ಯಾಂಡ್ ಕಾರ್ಡು ಕೊಳ್ಳುವಾಗ ಮೇಲಿನ ಕಂಪನಿಯ ಹೆಸರನ್ನು ಬಿಟ್ಟು ಒಳಗಿನ ಚಿಪ್ ಯಾವುದೆಂದು ಕೇಳಬೇಕು. ಐಬಿಎಂನ ಎಂ1015, ಡೆಲ್‌ನ ಎಚ್200 ಮತ್ತು ಎಚ್310, ಎಲ್‌ಎಸ್‌ಐನ ಸ್ವಂತ 9211-8ಐ, ಇವೆಲ್ಲದರ ಹೊಟ್ಟೆಯಲ್ಲಿರುವುದು ಒಂದೇ ಸ್ಯಾಸ್2008. ಎಲ್‌ಎಸ್‌ಐಯನ್ನು 2014ರಲ್ಲಿ ಅವಾಗೊ ಕೊಂಡುಕೊಂಡಿತು, 2016ರಲ್ಲಿ ಅವಾಗೊ ಬ್ರಾಡ್‌ಕಾಮ್ ಅನ್ನು ಕೊಂಡು ಅದರ ಹೆಸರನ್ನೇ ಇಟ್ಟುಕೊಂಡಿತು. ಹಾಗಾಗಿ ಒಂದೇ ವಂಶದ ಕಾರ್ಡು ಮೂರು ಹೆಸರಿನಲ್ಲಿ ಕಂಡರೆ ಗಾಬರಿಯಾಗಬೇಕಿಲ್ಲ. ಇದರ ಮುಂದಿನದು ಸ್ಯಾಸ್2308 ಇರುವ 9207-8ಐ. ಅದರ ನಂತರದ್ದು ಸ್ಯಾಸ್3008 ಇರುವ 9300-8ಐ, ಇದು 12 ಗಿಗಾಬಿಟ್ಟಿನದು. ಮೊದಲ ಎರಡರಲ್ಲಿ ನಿಮ್ಮ ಬ್ಯಾಕ್‌ಪ್ಲೇನಿನಲ್ಲಿರುವ ಎಸ್‌ಎಫ್‌ಎಫ್-8087 ಕನೆಕ್ಟರೇ ಇರುವುದರಿಂದ ಈಗಿನ ಕೇಬಲ್‌ಗಳು ಹಾಗೆಯೇ ನಡೆಯುತ್ತವೆ. 9300-8ಐಗೆ ಮಾತ್ರ ಎಸ್‌ಎಫ್‌ಎಫ್-8643 ಬೇಕಾಗುವುದರಿಂದ ಎರಡು ಹೊಸ ಕೇಬಲ್‌ಗಳ ಖರ್ಚು ಸೇರುತ್ತದೆ.

ವೇಗದ ಲೆಕ್ಕವನ್ನೂ ನೋಡೋಣ. ಸ್ಯಾಸ್2008 ಕುಳಿತುಕೊಳ್ಳುವುದು ಎಂಟು ಲೇನಿನ ಪಿಸಿಐ-ಎಕ್ಸ್‌ಪ್ರೆಸ್ 2.0 ಸ್ಲಾಟಿನಲ್ಲಿ, ಲೇನಿಗೆ ಸೆಕೆಂಡಿಗೆ 500 ಎಂ.ಬಿ.ಯಂತೆ 4,000 ಎಂ.ಬಿ. ಹಾಯುವ ದಾರಿ ಅದು. ತಿರುಗುವ ಡಿಸ್ಕು ಒಂದಕ್ಕೆ 200 ಎಂ.ಬಿ. ಹಿಡಿದರೂ ಎಂಟಕ್ಕೆ 1,600. ಇನ್ನು ನಿಮ್ಮ ಗಿಗಾಬಿಟ್ ನೆಟ್‌ವರ್ಕು ಕಾಗದದ ಮೇಲೆಯೂ 125 ಎಂ.ಬಿ. ದಾಟುವುದಿಲ್ಲ. 12 ಗಿಗಾಬಿಟ್ಟಿನ ಕಾರ್ಡಿಗೆ ಹಣ ಕೊಟ್ಟರೆ ಅದರ ವೇಗವನ್ನು ನಿಮ್ಮ ಆರು ಜನರಲ್ಲಿ ಒಬ್ಬರೂ ಕಾಣುವುದಿಲ್ಲ.

ಆದ್ದರಿಂದ ನನ್ನ ಸಲಹೆ ಸ್ಯಾಸ್2008 ಇಲ್ಲವೇ ಸ್ಯಾಸ್2308 ಎಚ್‌ಬಿಎ, ಅದಕ್ಕೆ ಐಟಿ ಫರ್ಮ್‌ವೇರ್, ಮೇಲೆ ಡಿಸ್ಕ್‌ಗಳನ್ನು ತಂತ್ರಾಂಶದಿಂದಲೇ ಒಂದಾಗಿ ಜೋಡಿಸುವ ಲಿನಕ್ಸಿನ ಎಂಡಿಎಡಿಎಂ ಅಥವಾ ಜೆಡ್‌ಎಫ್‌ಎಸ್. ಐಟಿ ಫರ್ಮ್‌ವೇರಿನಲ್ಲಿ ಕಾರ್ಡು ತನ್ನ ಬುದ್ಧಿ ತೋರಿಸದೆ ಡಿಸ್ಕನ್ನು ಇದ್ದ ಹಾಗೆ ಲಿನಕ್ಸಿಗೆ ಒಪ್ಪಿಸುತ್ತದೆ. ಕಾರ್ಡು ಸುಟ್ಟರೆ ಬೇರೆ ಯಾವುದೇ ಕಾರ್ಡಿಗೆ ಅದೇ ಡಿಸ್ಕ್‌ಗಳನ್ನು ಚುಚ್ಚಿ ಎಂಡಿಎಡಿಎಂನಿಂದ ಜೋಡಿಸಿಕೊಳ್ಳಬಹುದು. ಡೆಬಿಯನ್‌ನ ಎಂಪಿಟಿ3ಸ್ಯಾಸ್ ಡ್ರೈವರ್ ಈ ಕಾರ್ಡುಗಳನ್ನು ಗುರುತಿಸುತ್ತದೆ. ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಸ್ಯಾಸ್2008ರ ಬೆಂಬಲವನ್ನು ತೆಗೆದಿದ್ದಾರೆ. ಮುಂದೆಂದಾದರೂ ಆ ಕಡೆ ಹೋಗುವ ಯೋಚನೆಯಿದ್ದರೆ ಇದು ಗಮನದಲ್ಲಿರಲಿ.

ವಿಲ್ಸನ್‌ಗಾರ್ಡನ್:

ಮೇಲಿನ ಸಲಹೆ ತಾಂತ್ರಿಕವಾಗಿ ಸರಿಯಾದರೂ ಕ್ಯಾಶ್ ಇರುವ ರೇಡ್ ಕಾರ್ಡನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಮುದ್ರಣಾಲಯದಲ್ಲಿ ಪ್ರಶ್ನೆ ಕೇಳಿದವರು ರಜೆಯಲ್ಲಿರುವ ದಿನವೇ ಡಿಸ್ಕು ಕೆಡುತ್ತದೆ ಎಂದಿಟ್ಟುಕೊಳ್ಳಿ. ರೇಡ್ ಕಾರ್ಡಾದರೆ ಕೆಂಪು ದೀಪ ಉರಿಯುವ ಟ್ರೇ ಎಳೆದು ಹೊಸ ಡಿಸ್ಕು ತುರುಕಿದರೆ ಮರುಜೋಡಣೆ ತಾನಾಗಿ ಶುರುವಾಗುತ್ತದೆ, ಬೈಂಡಿಂಗ್ ವಿಭಾಗದವರಿಗೂ ಫೋನಿನಲ್ಲಿ ಹೇಳಿ ಮಾಡಿಸಬಹುದು. ಎಂಡಿಎಡಿಎಂ ಆದರೆ ಯಾರಾದರೂ ಕೀಲಿಮಣೆಯ ಮುಂದೆ ಕೂರಲೇಬೇಕು. ಕಾರ್ಡು ಸತ್ತರೆ ಡಿಸ್ಕ್‌ಗಳು ಅನಾಥವಾಗುತ್ತವೆ ಎಂಬ ಮಾತೂ ಪೂರ್ತಿ ನಿಜವಲ್ಲ. ಮೆಗಾರೇಡ್ ವಂಶದ ಒಂದು ಕಾರ್ಡಿನ ಡಿಸ್ಕ್‌ಗಳನ್ನು ಅದೇ ವಂಶದ ಇನ್ನೊಂದು ಕಾರ್ಡು ಪರಕೀಯ ಜೋಡಣೆಯೆಂದು ಗುರುತಿಸಿ ಆಮದು ಮಾಡಿಕೊಳ್ಳುತ್ತದೆ.

ಅಂಗಡಿಯವರು ಹೇಳಿದ್ದು ಬಹುಶಃ 9260-8ಐ ಇರಬೇಕು, 512 ಎಂ.ಬಿ. ಕ್ಯಾಶ್ ಅದಕ್ಕೆ ಹೊಂದುತ್ತದೆ. ಅದೇ ಆಗಿದ್ದರೆ ಎರಡು ವಿಷಯ ಕೇಳಿ ಕೊಳ್ಳಿ. ಮೊದಲನೆಯದು ಬ್ಯಾಟರಿಯ ವಯಸ್ಸು. ಕ್ಯಾಶಿನಲ್ಲಿ ಬರೆದಿಟ್ಟುಕೊಂಡು ಆಮೇಲೆ ಡಿಸ್ಕಿಗೆ ಇಳಿಸುವ ವಿಧಾನಕ್ಕೆ ಕರೆಂಟ್ ಹೋದಾಗ ಆ ಬ್ಯಾಟರಿಯೇ ಆಧಾರ. ಅದು ಸೋತಿದೆ ಎಂದು ಕಂಡ ಕೂಡಲೇ ಕಾರ್ಡು ನೇರ ಬರವಣಿಗೆಗೆ ಇಳಿದು ನಿಧಾನವಾಗುತ್ತದೆ, ಆಗ ನೀವು ಕೊಟ್ಟ ಹೆಚ್ಚಿನ ಹಣಕ್ಕೆ ಅರ್ಥವಿರುವುದಿಲ್ಲ. ಹತ್ತು ವರ್ಷ ಹಳೆಯ ಕಾರ್ಡಿನ ಜೊತೆಗೆ ಬರುವ ಬ್ಯಾಟರಿ ಉಬ್ಬಿರುವುದನ್ನು ನಾನು ಎರಡು ಸಲ ಕಂಡಿದ್ದೇನೆ. ಎರಡನೆಯದು, ಈ ಕಾರ್ಡಿನಲ್ಲಿ ಡಿಸ್ಕನ್ನು ನೇರವಾಗಿ ಬಿಟ್ಟುಕೊಡುವ ಸೌಲಭ್ಯವಿಲ್ಲ, ಹಾಗಾಗಿ ನಾಳೆ ಮನಸ್ಸು ಬದಲಾಗಿ ಜೆಡ್‌ಎಫ್‌ಎಸ್ ಬೇಕೆನಿಸಿದರೆ ಬೇರೆ ಕಾರ್ಡನ್ನೇ ಕೊಳ್ಳಬೇಕಾಗುತ್ತದೆ. ಬ್ಯಾಟರಿ ಹೊಸದಿಲ್ಲದಿದ್ದರೆ 8,500 ರೂಪಾಯಿಗೆ ನಾನಂತೂ ತೆಗೆದುಕೊಳ್ಳುತ್ತಿರಲಿಲ್ಲ.

ಎರಡನೇಹಂತ:

ಮೂರು ಆಯ್ಕೆಗಳ ಚರ್ಚೆ ಚೆನ್ನಾಗಿ ನಡೆದಿದೆ. ಆದರೆ ಪ್ರಶ್ನೆಯಲ್ಲಿಯೇ ಇರುವ ನಾಲ್ಕನೆಯದನ್ನು ಯಾರೂ ಎತ್ತಲಿಲ್ಲ. ಎಕ್ಸ್9ಎಸ್‌ಸಿಎಂ-ಎಫ್ ಬೋರ್ಡಿನ ಮೇಲೆ ಆರು ಸಾಟಾ ಪೋರ್ಟುಗಳಿವೆ: ಎರಡು 6 ಗಿಗಾಬಿಟ್, ನಾಲ್ಕು 3 ಗಿಗಾಬಿಟ್. ನಿಮ್ಮ ಎಸ್‌ಎಸ್‌ಡಿ ಒಂದನ್ನು ಹಿಡಿದಿದೆ. ಉಳಿದ ಐದು ಖಾಲಿ, ಹೊಸ ಡಿಸ್ಕುಗಳು ನಾಲ್ಕು. ನಿಮಗೆ ಈ ದಿನ ಕಾರ್ಡೇ ಬೇಕಾಗಿಲ್ಲ.

3 ಗಿಗಾಬಿಟ್ ಎಂದ ಮಾತ್ರಕ್ಕೆ ಹಿಂಜರಿಯಬೇಡಿ. ಅದು ಸೆಕೆಂಡಿಗೆ 300 ಎಂ.ಬಿ. ಸಾಗಿಸುತ್ತದೆ, 8 ಟಿ.ಬಿ.ಯ ತಿರುಗುವ ಡಿಸ್ಕು ತನ್ನ ಅಂಚಿನಲ್ಲಿ ಓಡುವಾಗಲೂ ಅಷ್ಟನ್ನು ತುಂಬುವುದಿಲ್ಲ. 2 ಟಿ.ಬಿ.ಯ ಮಿತಿ ನಿಮ್ಮ ಹಳೆಯ ಕಾರ್ಡಿನ ಚಿಪ್ಪಿನದೇ ಹೊರತು 3 ಗಿಗಾಬಿಟ್ ವೇಗದ್ದಲ್ಲ. ಈ ಬೋರ್ಡಿನ ಪೋರ್ಟುಗಳನ್ನು ಬಯಾಸ್‌ನಲ್ಲಿ ಎಎಚ್‌ಸಿಐ ಎಂಬ ಸಾಟಾ ವಿಧಾನಕ್ಕೆ ಇಟ್ಟರೆ 8 ಟಿ.ಬಿ. ಪೂರ್ತಿ ಕಾಣುತ್ತದೆ.

ಬೇಕಾದದ್ದು ಒಂದು ಕೇಬಲ್. ಒಂದು ತುದಿಯಲ್ಲಿ ನಾಲ್ಕು ಸಾಟಾ, ಇನ್ನೊಂದು ತುದಿಯಲ್ಲಿ ಎಸ್‌ಎಫ್‌ಎಫ್-8087. ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ಕಾರ್ಡಿನ ಕಡೆ 8087 ಇದ್ದು ಡಿಸ್ಕುಗಳ ಕಡೆ ಸಾಟಾ ಇದ್ದರೆ ಅದಕ್ಕೆ ಫಾರ್ವರ್ಡ್ ಬ್ರೇಕ್‌ಔಟ್ ಎನ್ನುತ್ತಾರೆ. ಮದರ್‌ಬೋರ್ಡಿನ ಕಡೆ ಸಾಟಾ ಇದ್ದು ಬ್ಯಾಕ್‌ಪ್ಲೇನಿನ ಕಡೆ 8087 ಇದ್ದರೆ ರಿವರ್ಸ್ ಬ್ರೇಕ್‌ಔಟ್. ಎರಡೂ ಕಣ್ಣಿಗೆ ಅವಳಿಜವಳಿಯಂತೆ ಕಂಡರೂ ಒಳಗೆ ತಂತಿಗಳ ಜೋಡಣೆ ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ತಪ್ಪು ಕೇಬಲ್ ಹಾಕಿದರೆ ಏನೂ ಸುಡುವುದಿಲ್ಲ, ಡಿಸ್ಕುಗಳು ತಿರುಗುತ್ತವೆ, ದೀಪ ಉರಿಯುತ್ತದೆ, ಲಿನಕ್ಸಿಗೆ ಮಾತ್ರ ಏನೂ ಕಾಣಿಸುವುದಿಲ್ಲ. ಹೀಗಾಗಿ ಮನುಷ್ಯ ಕೇಬಲ್ಲೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಅನುಮಾನಿಸುತ್ತಾನೆ. ನನ್ನ ಎರಡು ಸಂಜೆಗಳು ಹಾಗೆ ಹೋದವು. ಆರು ಪೋರ್ಟಿನ ಸಾಟಾ ಕಾರ್ಡು ಕೊಂಡರೂ ನಿಮಗೆ ಈ ರಿವರ್ಸ್ ಕೇಬಲ್ ಬೇಕೇ ಬೇಕಾಗುತ್ತಿತ್ತು. ಆ ಅಂಗಡಿಯವರು ಅದನ್ನು ಹೇಳಿದರೇ?

ಇನ್ನೊಂದು ಅನುಕೂಲವೂ ಇದೆ. ಹಳೆಯ ಕಾರ್ಡನ್ನು ಕದಲಿಸಬೇಡಿ. ಮೊದಲ ಕನೆಕ್ಟರ್ ಅದಕ್ಕೇ ಇರಲಿ, ಎರಡನೆಯದು ಮದರ್‌ಬೋರ್ಡಿಗೆ ಬರಲಿ. ಹಳೆಯ ನಾಲ್ಕು ಮತ್ತು ಹೊಸ ನಾಲ್ಕು ಒಂದೇ ಯಂತ್ರದಲ್ಲಿ ಒಟ್ಟಿಗೆ ಎದ್ದು ಕೂರುತ್ತವೆ, ನೆಟ್‌ವರ್ಕಿನ ಹಂಗಿಲ್ಲದೆ ಕಡತಗಳನ್ನು ಸಾಗಿಸಬಹುದು.

ಅಚ್ಚುಮೊಳೆ:

ಮೂವರಿಗೂ ಧನ್ಯವಾದಗಳು. ಕೇಬಲ್ ವಿಷಯವನ್ನು ಆ ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾಲೀಕರಿಗೆ ನಾಲ್ಕನೆಯ ಆಯ್ಕೆಯ ಬಗ್ಗೆ ಹೇಳಿದಾಗ ಅವರ ಮುಖ ಅರಳಿದ್ದನ್ನು ಇಲ್ಲಿ ಬರೆಯಲೇಬೇಕು. ಆದರೂ ನನಗೆ ಒಂದು ಅಳುಕಿದೆ. ಹನ್ನೆರಡು ವರ್ಷ ದಾಟಿದ ಮದರ್‌ಬೋರ್ಡಿನ ಪೋರ್ಟುಗಳನ್ನು ಇಷ್ಟು ಕಡತಗಳಿಗೆ ನಂಬಬಹುದೇ, ಅಥವಾ ಎಚ್‌ಬಿಎಗೆ ಹಣ ಹಾಕುವುದೇ ಲೇಸೇ? ಡೇಟಾಕಣಜ ಅವರು ಏನೆನ್ನುತ್ತಾರೆ?

ಡೇಟಾಕಣಜ:

ಎರಡನೇಹಂತ ಅವರು ಹೇಳಿದ್ದೇ ಸರಿ, ಪ್ರಶ್ನೆಯಲ್ಲಿ ಮದರ್‌ಬೋರ್ಡಿನ ಹೆಸರು ಓದಿಯೂ ನನಗೆ ಅದು ಹೊಳೆಯಲಿಲ್ಲ. ಕಾರ್ಡಿನ ಪ್ರಶ್ನೆ ಕಂಡರೆ ಕಾರ್ಡಿನ ಉತ್ತರ ಕೊಡುವುದು ಕೈಗೆ ರೂಢಿಯಾಗಿಬಿಟ್ಟಿದೆ.

ನಿಮ್ಮ ಅಳುಕಿಗೆ ಒಂದು ಚರಿತ್ರೆಯೂ ಇದೆ. ಈ ಬೋರ್ಡಿನ ಸಿ204 ಚಿಪ್‌ಸೆಟ್ ಸೇರಿರುವ ಕುಟುಂಬದಲ್ಲಿ ಒಂದು ವಿನ್ಯಾಸ ದೋಷವಿರುವುದಾಗಿ ಇಂಟೆಲ್ 2011ರ ಜನವರಿ ಕೊನೆಯಲ್ಲಿ ತಾನೇ ಪ್ರಕಟಿಸಿತ್ತು. ಕಾಲ ಕಳೆದಂತೆ ಹದಗೆಡಬಹುದು ಎಂದಿದ್ದು ಸರಿಯಾಗಿ ಈ ನಾಲ್ಕು 3 ಗಿಗಾಬಿಟ್ ಪೋರ್ಟುಗಳನ್ನೇ. 6 ಗಿಗಾಬಿಟ್ಟಿನ ಎರಡಕ್ಕೆ ತೊಂದರೆಯಿರಲಿಲ್ಲ. ಆಮೇಲೆ ಬಂದ ಬಿ3 ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ನಿಮ್ಮದು 2013ರ ಜೋಡಣೆಯಾದ್ದರಿಂದ ಬಿ3ಯೇ ಇರಬೇಕು. ಆದರೂ ಯಂತ್ರದೊಳಗಿನ ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆದೇಶ ಕೊಟ್ಟು ಸಾಟಾ ಕಂಟ್ರೋಲರ್ ಸಾಲಿನ ಕೊನೆಯಲ್ಲಿ ರೆವ್ 05 ಎಂದಿದೆಯೇ ನೋಡಿ. 04 ಎಂದಿದ್ದರೆ ಅದು ಹಳೆಯ ಬಿ2, ಆಗ ಈ ಮಾತನ್ನೆಲ್ಲ ಬಿಟ್ಟು ಎಚ್‌ಬಿಎ ಕೊಳ್ಳಿ. 05 ಇದ್ದರೆ ನಿಶ್ಚಿಂತೆಯಿಂದ ಬಳಸಿ. ಪೋರ್ಟು ಸೋತರೂ ಡಿಸ್ಕುಗಳು ಎಂಡಿಎಡಿಎಂನವು, ಅಂದೇ ಒಂದು ಎಚ್‌ಬಿಎ ತಂದು ಅದೇ ಬ್ಯಾಕ್‌ಪ್ಲೇನಿಗೆ ಚುಚ್ಚಿದರೆ ಕೆಲಸ ಮುಂದುವರಿಯುತ್ತದೆ.

ಕಳೆದುಕೊಳ್ಳುವುದು ಒಂದನ್ನು: ಟ್ರೇಯ ದೋಷಸೂಚಕ ದೀಪವನ್ನು ಈ ಜೋಡಣೆಯಲ್ಲಿ ನೆಚ್ಚುವಂತಿಲ್ಲ. ವಿಲ್ಸನ್‌ಗಾರ್ಡನ್ ಅವರು ಹೇಳಿದ ರಜೆಯ ದಿನದ ಸಂಕಟ ಇಲ್ಲಿ ನಿಜವಾಗುತ್ತದೆ. ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಟ್ರೇಯ ಮುಂದೆ ಚೀಟಿ ಅಂಟಿಸಿ ಬರೆಯಿರಿ. ಮುದ್ರಣಾಲಯದವರಿಗೆ ಚೀಟಿಯ ಬರವಿರಲಾರದು.

ಮುಂದೆ ಎಂಟೂ ಟ್ರೇಗಳು ಬೇಕಾದಾಗ ಎಚ್‌ಬಿಎ ಕೊಳ್ಳಲೇಬೇಕಾಗುತ್ತದೆ, ಅದಕ್ಕೆ ಈಗಲೇ ಕೆಲವು ಮಾತು. ಕಾರ್ಡನ್ನು ಅಂಗಡಿಯಲ್ಲಿಯೇ ಯಾವುದಾದರೂ ಯಂತ್ರಕ್ಕೆ ಹಾಕಿಸಿ, ಬೂಟ್ ಆಗುವಾಗ ಬರುವ ಫರ್ಮ್‌ವೇರ್ ಆವೃತ್ತಿಯನ್ನು ಓದಿಕೊಳ್ಳಿ. ಸ್ಯಾಸ್2008ಕ್ಕೆ ಐಟಿ ಫರ್ಮ್‌ವೇರಿನ 20.00.07.00 ಆವೃತ್ತಿ ಇರಲಿ. ಇದೇ ಇಪ್ಪತ್ತರ ಸಾಲಿನ ಮೊದಲ ಆವೃತ್ತಿಗಳಲ್ಲಿ ತೊಂದರೆಗಳಿದ್ದವು. ಎಚ್310 ಸಿಕ್ಕರೆ ಅದರ ಮೂಲ ಫರ್ಮ್‌ವೇರಿನಲ್ಲಿಯೇ ಬಿಡಬೇಡಿ. ಅದರಲ್ಲಿ ಸರದಿಯ ಆಳ, ಅಂದರೆ ಒಮ್ಮೆಗೆ ಸಾಲಿನಲ್ಲಿ ನಿಲ್ಲಬಲ್ಲ ಕೋರಿಕೆಗಳು, 25 ಮಾತ್ರ; ಎಲ್‌ಎಸ್‌ಐನ ಐಟಿ ಫರ್ಮ್‌ವೇರ್ ಹಾಕಿದರೆ 600 ಆಗುತ್ತದೆ, ಡಿಸ್ಕು ಮರುಜೋಡಣೆಯಾಗುವಾಗ ಉಳಿದವರ ಕೆಲಸ ನಿಂತುಹೋಗದಿರುವುದಕ್ಕೆ ಈ ವ್ಯತ್ಯಾಸ ಬಹಳ. ಹಳೆಯ ಫರ್ಮ್‌ವೇರ್ ಅಳಿಸುವ ಮೊದಲು ಕಾರ್ಡಿನ ಹಿಂಬದಿಯ ಚೀಟಿಯಲ್ಲಿರುವ ಸ್ಯಾಸ್ ವಿಳಾಸವನ್ನು ಬರೆದಿಟ್ಟುಕೊಳ್ಳಿ, ಅಳಿಸಿದ ಮೇಲೆ ಅದನ್ನು ನೀವೇ ತುಂಬಬೇಕಾಗಬಹುದು. ನೀವು ಬೂಟ್ ಮಾಡುವುದು ಎಸ್‌ಎಸ್‌ಡಿಯಿಂದಾದ್ದರಿಂದ ಕಾರ್ಡಿನ ಬೂಟ್ ರಾಮ್ ಹಾಕದೆ ಬಿಡಬಹುದು, ಯಂತ್ರ ಬೇಗ ಏಳುತ್ತದೆ.

ಕೊನೆಗೆ ಶಾಖ. ಇವು ರ್ಯಾಕ್ ಸರ್ವರಿನ ಜೋರು ಗಾಳಿಗೆಂದು ಮಾಡಿದ ಕಾರ್ಡುಗಳು. ಟವರ್ ಪೆಟ್ಟಿಗೆಯ ಮಂದ ಗಾಳಿಯಲ್ಲಿ ಹೀಟ್‌ಸಿಂಕನ್ನು ಮುಟ್ಟಿದರೆ ಬೆರಳು ಚುರುಗುಟ್ಟುತ್ತದೆ, ಎದುರಿಗೊಂದು ಸಣ್ಣ ಫ್ಯಾನ್ ಕಟ್ಟುವುದು ಅಗತ್ಯ.

ವಿಲ್ಸನ್‌ಗಾರ್ಡನ್:

ಬೋರ್ಡಿನ ಪೋರ್ಟುಗಳ ಸಲಹೆಗೆ ನನ್ನದೂ ಒಪ್ಪಿಗೆಯಿದೆ. ಒಂದು ಸೇರ್ಪಡೆ: ನಾಲ್ಕು ಡಿಸ್ಕಿಗೆ ರೇಡ್ 5 ಮಾಡಿ ಜಾಗ ಉಳಿಸುವ ಆಸೆಗೆ ಬೀಳಬೇಡಿ. ಕ್ಯಾಶ್ ಮತ್ತು ಬ್ಯಾಟರಿ ಇಲ್ಲದ ಕಡೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ದತ್ತಾಂಶ ಮತ್ತು ಪ್ಯಾರಿಟಿ (ಕೆಟ್ಟ ಡಿಸ್ಕಿನದನ್ನು ಮರಳಿ ಕಟ್ಟಲು ಬರೆದಿಡುವ ಲೆಕ್ಕ) ಹೊಂದದೆ ಉಳಿಯುವ ಅಪಾಯ ಅದರಲ್ಲಿದೆ. ಮಿರರ್ ಜೋಡಿಗಳನ್ನು ಕೂಡಿಸುವ ರೇಡ್ 10 ಮಾಡಿದರೆ 16 ಟಿ.ಬಿ. ಸಿಗುತ್ತದೆ; 3.2 ಟಿ.ಬಿ. ಇರುವ ನಿಮಗೆ ಅದು ಬಹಳ ವರ್ಷದ ಮಾತು. ಉಳಿಯುವ ಹಣದಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿ. ಮುಂಗಾರಿಗೆ ಮುಂಚಿನ ಗಾಳಿಮಳೆ ಶುರುವಾದರೆ ಬೆಸ್ಕಾಂ ಕರೆಂಟ್ ದಿನಕ್ಕೆ ಎಷ್ಟು ಸಲ ಕಣ್ಣು ಮಿಟುಕಿಸುತ್ತದೆ ಎಂದು ನಿಮಗೇ ಗೊತ್ತು.

ಅಚ್ಚುಮೊಳೆ:

ಹದಿನೈದು ದಿನದ ನಂತರ ಬರೆಯುತ್ತಿದ್ದೇನೆ. ಎಲ್‌ಎಸ್‌ಪಿಸಿಐ ರೆವ್ 05 ಎಂದು ತೋರಿಸಿತು, ಹಾಗಾಗಿ ಕೇಬಲ್ ಹುಡುಕಲು ಎಸ್.ಪಿ. ರೋಡಿಗೆ ಹೋದೆ. ರಿವರ್ಸ್ ಎಂದು ಮೂರು ಸಲ ಹೇಳಿ ತಂದ ಕೇಬಲ್ ಫಾರ್ವರ್ಡ್ ಆಗಿತ್ತು. ಎರಡನೇಹಂತ ಅವರು ಬರೆದಿದ್ದಂತೆಯೇ ಡಿಸ್ಕು ತಿರುಗಿತು, ದೀಪ ಉರಿಯಿತು, ಪರದೆಯ ಮೇಲೆ ಏನೂ ಇಲ್ಲ. ಅವರ ಮಾತು ಓದಿದ್ದರಿಂದ ಎರಡು ಸಂಜೆಯ ಬದಲು ಹತ್ತು ನಿಮಿಷದಲ್ಲಿ ಕಾರಣ ತಿಳಿಯಿತು. ಮಾರನೆಯ ದಿನ ಬೇರೆ ಅಂಗಡಿಯಲ್ಲಿ ಸರಿಯಾದದ್ದು 900 ರೂಪಾಯಿಗೆ ಸಿಕ್ಕಿತು. ಹಳೆಯದನ್ನು ಮೊದಲ ಅಂಗಡಿಯವರು ಗೊಣಗಿಕೊಂಡು ವಾಪಸು ಪಡೆದರು.

ನಾಲ್ಕೂ ಡಿಸ್ಕುಗಳು 8 ಟಿ.ಬಿ. ಎಂದೇ ಕಂಡವು. ಎಂಡಿಎಡಿಎಂನಲ್ಲಿ ರೇಡ್ 10 ಕಟ್ಟಿದೆ. ಮೊದಲ ಹೊಂದಾಣಿಕೆಗೆ ಸುಮಾರು ಹದಿನೈದು ಗಂಟೆ ಹಿಡಿಯಿತು. ಅದು ಮುಗಿದ ಮೇಲೆ ಒಂದು ಭಾನುವಾರ ಪೂರ್ತಿ ಕಡತಗಳನ್ನು ಸಾಗಿಸಿ, ಎರಡೂ ಕಡೆಯ ಚೆಕ್‌ಸಮ್ ಹೋಲಿಸಿ ನೋಡಿದೆ. ಹಳೆಯ ನಾಲ್ಕು ಡಿಸ್ಕುಗಳನ್ನೂ ಹಳೆಯ ಕಾರ್ಡನ್ನೂ ಬೇರೆ ಬೇರೆ ಮಾಡದೆ ಒಂದೇ ಪೆಟ್ಟಿಗೆಯಲ್ಲಿ, ಟ್ರೇ ಸಂಖ್ಯೆ ಬರೆದು ಇಟ್ಟಿದ್ದೇನೆ. ಆರು ತಿಂಗಳು ಅದನ್ನು ಯಾರೂ ಮುಟ್ಟುವಂತಿಲ್ಲ. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿದೆ.

ಒಂದೇ ಒಂದು ಹುಳುಕು ಕಂಡಿತು. ಏಳನೆಯ ಟ್ರೇಯ ಡಿಸ್ಕು ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 199ನೆಯ ಸಾಲು, ಅಂದರೆ ಕೇಬಲ್‌ನಲ್ಲಿ ಸಾಗುವಾಗ ಆಗುವ ಸಿಆರ್‌ಸಿ ದೋಷಗಳ ಎಣಿಕೆ, ಮೊದಲ ದಿನವೇ 12ಕ್ಕೆ ಏರಿತ್ತು. ಉಳಿದ ಮೂರರಲ್ಲಿ ಸೊನ್ನೆ. ಯಂತ್ರ ಬಿಚ್ಚಿ ನೋಡಿದರೆ ಮದರ್‌ಬೋರ್ಡಿನ ಕಡೆಯ ಸಾಟಾ ತುದಿ ಪೂರ್ತಿ ಕೂತಿರಲಿಲ್ಲ. ಒತ್ತಿ ಕೂರಿಸಿದ ಮೇಲೆ ಹತ್ತು ದಿನದಿಂದ ಎಣಿಕೆ 12ರಲ್ಲಿಯೇ ನಿಂತಿದೆ.